ಧರ್ಮದ ನೆಲೆಯ ಸಂಸ್ಥೆ ಅಂದರೆ ಯಾವುದು?

2025ರ ಸೆಪ್ಟೆಂಬರ್ 22ರಂದು ರಾಜ್ಯ ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆ ಶುರುವಾಯಿತು. ನಮ್ಮ ಬೆಳಗಾವಿ, ಬಾಗಲಕೋಟೆ, ವಿಜಯಪುರ ಕಡೆ ಅದರ ಒಂದು ಕಾಲಂ ಬಗ್ಗೆ ಬಹಳ ಮಾತಾಯಿತು. ಧರ್ಮದ ಜಾಗದಲ್ಲಿ ಲಿಂಗಾಯತ ಅಂತ ಬರೆಸಬೇಕಾ, ವೀರಶೈವ ಲಿಂಗಾಯತ ಅಂತಲಾ, ಹಿಂದೂ ಅಂತಲಾ? ಸ್ವಾಮೀಜಿಗಳು ಹೇಳಿಕೆ ಕೊಟ್ಟರು. ಸಮಾಜದ ಮುಖಂಡರು ಸಭೆ ಕರೆದರು. ಮನೆಗಳಲ್ಲೂ ವಾದ ನಡೆಯಿತು.

ಮನುಷ್ಯನ ಧರ್ಮದ ಬಗ್ಗೆ ಇಷ್ಟೆಲ್ಲ ಕೇಳುವ ನಾವು ಸಂಸ್ಥೆಯ ಧರ್ಮದ ಬಗ್ಗೆ ಕೇಳುವುದು ತೀರ ಕಡಿಮೆ. ಕೇಳಬೇಕಾದ ಊರು ಅಂದರೆ ನಮ್ಮದೇ. ಈ ಮೂರು ಜಿಲ್ಲೆಗಳಲ್ಲಿ ಮಗು ಹುಟ್ಟುವ ಆಸ್ಪತ್ರೆ, ಅದು ಓದುವ ಶಾಲೆ, ಮುಂದೆ ಉಳಿಯುವ ಹಾಸ್ಟೆಲ್, ಸಾಲ ತರುವ ಪತ್ತಿನ ಸಂಘ, ಬೆಳಿಗ್ಗೆ ಫೋನಿನಲ್ಲಿ ಕೇಳುವ ಪ್ರವಚನ ಎಲ್ಲದರ ಹಿಂದೆಯೂ ಒಂದು ಮಠ, ಒಂದು ಸಮಾಜ ಅಥವಾ ಒಬ್ಬ ದೇವರ ಹೆಸರು ಇರುತ್ತದೆ. ಬಾಗಲಕೋಟೆಯ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘ 1906ರದು. ವಿಜಯಪುರದ ಬಿಎಲ್‌ಡಿಇ ಶಿಕ್ಷಣ ಸಂಸ್ಥೆ 1910ರದು. ಬೆಳಗಾವಿಯ ಕೆಎಲ್‌ಇ, ಅಂದರೆ ಕರ್ನಾಟಕ ಲಿಂಗಾಯತ ಎಜುಕೇಶನ್ ಸೊಸೈಟಿ, 1916ರದು. ಮೂರೂ ಇವತ್ತು ಮೆಡಿಕಲ್ ಕಾಲೇಜು ನಡೆಸುವಷ್ಟು ದೊಡ್ಡವು. ವಿಜಯಪುರದಲ್ಲಿ ಮುಸ್ಲಿಂ ಸಮಾಜದ ಶಿಕ್ಷಣ ಸಂಸ್ಥೆಗಳಾದ ಅಂಜುಮನ್ ಮತ್ತು ಸೆಕಾಬ್ ಇವೆ. ಬೆಳಗಾವಿಯಲ್ಲಿ 1856ರಿಂದ ಸೇಂಟ್ ಪಾಲ್ಸ್ ಶಾಲೆ ಇದೆ, ಜೈನ ಬೋರ್ಡಿಂಗ್ ಇದೆ, ಭರತೇಶ ಶಿಕ್ಷಣ ಸಂಸ್ಥೆ ಇದೆ. ಇವೆಲ್ಲ ಧಾರ್ಮಿಕ ಸಂಸ್ಥೆಗಳಾ? ಹೌದು ಅಂದರೆ ಯಾವ ಅರ್ಥದಲ್ಲಿ?

ನನ್ನ ಅಳತೆ ಯಾವುದು ಅನ್ನುವುದನ್ನು ಮೊದಲೇ ಹೇಳಿಬಿಡುತ್ತೇನೆ. ಬೋರ್ಡಿನ ಮೇಲೆ ಯಾರ ಹೆಸರಿದೆ, ಗೋಡೆಯ ಮೇಲೆ ಯಾರ ಫೋಟೋ ಇದೆ ಅನ್ನುವುದು ಅಳತೆ ಅಲ್ಲ. ಆ ನಂಬಿಕೆ ಸಂಸ್ಥೆ ನಡೆಸುವವರ ಕೈ ಹಿಡಿದು ನಿಲ್ಲಿಸಿದೆಯಾ? ಲಾಭ ಬರುವ ಯಾವ ಕೆಲಸವನ್ನು ಅವರು ತಮ್ಮ ಧರ್ಮಕ್ಕಾಗಿ ಬಿಟ್ಟಿದ್ದಾರೆ? ಉತ್ತರ ಸಿಕ್ಕರೆ ಅಲ್ಲಿ ಧರ್ಮದ ನೆಲೆ ಇದೆ. ಸಿಗದಿದ್ದರೆ ಅಲ್ಲಿರುವುದು ಹೆಸರು ಮಾತ್ರ.

ದೇವರ ಹೆಸರಿಟ್ಟ ಪತ್ತಿನ ಸಂಘಗಳು ನಮ್ಮಲ್ಲಿ ಓಣಿಗೊಂದು ಇವೆ. ಆ ಹೆಸರು ನೋಡಿ ಠೇವಣಿ ಇಡುವವರೂ ಇದ್ದಾರೆ. ಆದರೆ ಸಹಕಾರ ಸಂಘದ ಕಾನೂನಿಗೆ ದೇವರ ಹೆಸರಿನಿಂದ ಏನೂ ಫರಕಾಗುವುದಿಲ್ಲ. ಬಡ್ಡಿ ದರವೂ ಬದಲಾಗುವುದಿಲ್ಲ, ಆಡಿಟ್ಟೂ ಬದಲಾಗುವುದಿಲ್ಲ. ಹಳ್ಳಿಯ ಹಿರಿಯರು ನಂಬಿಕೆಯಿಂದ ದುಡ್ಡು ಇಡುತ್ತಾರೆ ಅನ್ನುವುದು ಗೊತ್ತಿದ್ದೇ ಈ ಹೆಸರು ಇಡುವವರು ಇದ್ದಾರೆ ಅನ್ನುವುದು ನನಗೆ ನಿಜಕ್ಕೂ ಬೇಸರದ ವಿಷಯ.

ಕಾನೂನು ಏನು ನೋಡುತ್ತದೆ

ಕಾನೂನಿಗೆ ತನ್ನದೇ ಲೆಕ್ಕಾಚಾರ ಇದೆ. ಸಂವಿಧಾನದ 26ನೇ ವಿಧಿ ಧಾರ್ಮಿಕ ಪಂಥಗಳಿಗೆ ತಮ್ಮ ಧರ್ಮದ ವ್ಯವಹಾರ ತಾವೇ ನೋಡಿಕೊಳ್ಳುವ ಹಕ್ಕು ಕೊಡುತ್ತದೆ. 30ನೇ ವಿಧಿ ಧಾರ್ಮಿಕ ಮತ್ತು ಭಾಷಾ ಅಲ್ಪಸಂಖ್ಯಾತರಿಗೆ ಶಿಕ್ಷಣ ಸಂಸ್ಥೆ ಕಟ್ಟಿ ನಡೆಸುವ ಹಕ್ಕು ಕೊಡುತ್ತದೆ. ಎರಡನೆಯದರಿಂದ ಸಂಸ್ಥೆಗಳಿಗೆ ನೇರ ಅನುಕೂಲ ಇದೆ. ಉದಾಹರಣೆಗೆ, ಶೇಕಡ 25ರಷ್ಟು ಸೀಟು ಬಡ ಮಕ್ಕಳಿಗೆ ಕೊಡಬೇಕೆನ್ನುವ ಶಿಕ್ಷಣ ಹಕ್ಕು ಕಾಯ್ದೆ ಅಲ್ಪಸಂಖ್ಯಾತ ಶಾಲೆಗಳಿಗೆ ಅನ್ವಯಿಸುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿತು. 2025ರಲ್ಲಿ ಅದೇ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳ ಪೀಠ ಈ ತೀರ್ಪಿನ ಬಗ್ಗೆ ಅನುಮಾನ ಎತ್ತಿ, ದೊಡ್ಡ ಪೀಠ ಇದನ್ನು ಮತ್ತೆ ನೋಡಲಿ ಎಂದಿದೆ.

ಹಾಗಾದರೆ ಒಂದು ಸಂಸ್ಥೆ ಯಾವ ಸಮುದಾಯದ್ದು ಅಂತ ಗುರುತಿಸುವುದು ಹೇಗೆ? ಇದಕ್ಕೆ ಹತ್ತಿರದ ಉತ್ತರ ಅಲಿಗಢ ಮುಸ್ಲಿಂ ವಿಶ್ವವಿದ್ಯಾಲಯದ ಪ್ರಕರಣದಲ್ಲಿದೆ. 2024ರ ನವೆಂಬರ್ 8ರಂದು ಏಳು ನ್ಯಾಯಮೂರ್ತಿಗಳ ಪೀಠ 4:3ರ ಬಹುಮತದಲ್ಲಿ, ಅದು ಅಲ್ಪಸಂಖ್ಯಾತರ ಸಂಸ್ಥೆಯಲ್ಲ ಎಂದಿದ್ದ 1967ರ ಹಳೆಯ ತೀರ್ಪನ್ನು ಬದಿಗಿಟ್ಟಿತು. ಸರ್ಕಾರ ಕಾನೂನು ಮಾಡಿ ಸ್ಥಾಪಿಸಿತು ಅನ್ನುವುದೊಂದನ್ನೇ ನೋಡಬಾರದು ಎಂದಿತು. ಸಂಸ್ಥೆಯ ವಿಚಾರ ಯಾರ ತಲೆಯಲ್ಲಿ ಹುಟ್ಟಿತು, ಯಾರಿಗಾಗಿ ಕಟ್ಟಿದರು, ದುಡ್ಡು ಮತ್ತು ಜಾಗ ಯಾರು ಕೊಟ್ಟರು, ಅದನ್ನು ನಿಲ್ಲಿಸಲು ಯಾರು ಓಡಾಡಿದರು ಅನ್ನುವುದನ್ನು ನೋಡಬೇಕು ಎಂದಿತು. ಆವರಣದಲ್ಲಿ ಪೂಜೆಯ ಜಾಗ ಇರಲೇಬೇಕು ಅಂತೇನೂ ಇಲ್ಲ ಎಂದೂ ಹೇಳಿತು.

ಇದೇ ಪ್ರಶ್ನೆಗಳನ್ನು ನಮ್ಮೂರಿನ ಸಂಸ್ಥೆಗಳಿಗೆ ಕೇಳಿ ನೋಡಿ. ಕೆಎಲ್‌ಇಯ ವಿಚಾರ ಹುಟ್ಟಿದ್ದು ಸಪ್ತರ್ಷಿಗಳು ಅಂತ ನಾವು ಕರೆಯುವ ಏಳು ಮಂದಿಯಲ್ಲಿ. ಹೆಸರಿನಲ್ಲೇ ಲಿಂಗಾಯತ ಅಂತಿತ್ತು. ಅದಕ್ಕೂ ಮೊದಲೇ, 1906ರಲ್ಲಿ ತೀರಿಕೊಂಡ ಶಿರಸಂಗಿ ಲಿಂಗರಾಜ ದೇಸಾಯಿಯವರು ತಮ್ಮ ಆಸ್ತಿಯನ್ನು ಸಮಾಜದ ಮಕ್ಕಳ ಓದಿಗೆ ಬರೆದಿಟ್ಟಿದ್ದರು. 1933ರಲ್ಲಿ ಬೆಳಗಾವಿಯಲ್ಲಿ ಶುರುವಾದ ಲಿಂಗರಾಜ ಕಾಲೇಜಿಗೆ ಅವರದೇ ಹೆಸರು. ಕೋರ್ಟಿನ ಅಳತೆಯಲ್ಲಿ ಇದು ಪೂರ್ತಿ ಒಂದು ಸಮುದಾಯದ ಶ್ರಮ. ಆದರೆ ಆ ಸಮುದಾಯ ಪ್ರತ್ಯೇಕ ಧರ್ಮವಾ, ಹಿಂದೂ ಧರ್ಮದೊಳಗಿನ ಪಂಥವಾ ಅನ್ನುವಲ್ಲಿ ಕಾನೂನು ನಿಂತುಬಿಟ್ಟಿದೆ. 2017ರಲ್ಲಿ ಬೆಳಗಾವಿಯಲ್ಲೂ ಪ್ರತ್ಯೇಕ ಧರ್ಮದ ದೊಡ್ಡ ರ‍್ಯಾಲಿ ನಡೆಯಿತು. 2018ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಈ ಬಗ್ಗೆ ತಾನೇ ನೇಮಿಸಿದ್ದ ನಾಗಮೋಹನ ದಾಸ್ ಸಮಿತಿಯ ವರದಿ ಒಪ್ಪಿ, ಪ್ರತ್ಯೇಕ ಧರ್ಮದ ಮಾನ್ಯತೆ ಕೊಡಿ ಎಂದು ಕೇಂದ್ರಕ್ಕೆ ಶಿಫಾರಸು ಮಾಡಿತು. ಕೇಂದ್ರ ಒಪ್ಪಲಿಲ್ಲ. ಆ ಹೋರಾಟದಲ್ಲಿ ನಂಬಿಕೆಯ ಪ್ರಶ್ನೆ ಇದ್ದದ್ದು ನಿಜ. ಜೊತೆಗೆ ಕಾಲೇಜುಗಳ ಸೀಟು, ಫೀ, ಆಡಳಿತದ ಹಕ್ಕಿನ ಲೆಕ್ಕವೂ ಇತ್ತು ಅಂತ ಹೇಳುವುದರಲ್ಲಿ ತಪ್ಪಿಲ್ಲ ಅಲ್ವಾ?

ಆದಾಯ ತೆರಿಗೆಯವರು ಇನ್ನೊಂದು ಕಡೆಯಿಂದ ನೋಡುತ್ತಾರೆ. 1961ರ ಆದಾಯ ತೆರಿಗೆ ಕಾಯ್ದೆ ಬಂದ ಮೇಲೆ ಹುಟ್ಟಿದ ದತ್ತಿ ಟ್ರಸ್ಟ್ ಒಂದೇ ಧರ್ಮದ ಅಥವಾ ಒಂದೇ ಜಾತಿಯ ಜನರಿಗೆ ಮಾತ್ರ ಉಪಯೋಗವಾದರೆ ಅದಕ್ಕೆ ವಿನಾಯಿತಿ ಸಿಗುವುದಿಲ್ಲ ಎಂದು ಆ ಕಾಯ್ದೆಯಲ್ಲೇ ಬರೆದರು. ಹೀಗಾಗಿ ಒಂದೇ ಸಂಸ್ಥೆ ಒಂದು ಕಚೇರಿಯ ಮುಂದೆ ‘ನಮ್ಮದು ಈ ಸಮುದಾಯದ್ದು’ ಅನ್ನಬೇಕಾಗುತ್ತದೆ, ಇನ್ನೊಂದು ಕಚೇರಿಯ ಮುಂದೆ ‘ನಮ್ಮದು ಎಲ್ಲರದು’ ಅನ್ನಬೇಕಾಗುತ್ತದೆ. ಎರಡೂ ಮಾತು ನಿಜ ಇರಬಹುದು. ಪೋಷಕರಿಗೆ ಮಾತ್ರ ಯಾವುದನ್ನು ನಂಬಬೇಕೋ ತಿಳಿಯುವುದಿಲ್ಲ.

ಮಕ್ಕಳ ತಂದೆ ತಾಯಿಗೆ ಉಪಯೋಗ ಆಗುವ ಒಂದು ವಿಷಯ ಇಲ್ಲೇ ಹೇಳಬೇಕು. ಸಂವಿಧಾನದ 28ನೇ ವಿಧಿಯ ಪ್ರಕಾರ ಪೂರ್ತಿ ಸರ್ಕಾರಿ ದುಡ್ಡಿನಲ್ಲಿ ನಡೆಯುವ ಶಾಲೆಯಲ್ಲಿ ಧರ್ಮದ ಪಾಠ ಇರುವಂತಿಲ್ಲ. ಸರ್ಕಾರದ ಅನುದಾನ ಅಥವಾ ಮಾನ್ಯತೆ ಪಡೆದ ಶಾಲೆಯಲ್ಲಿ ಇರಬಹುದು, ಆದರೆ ಮಗುವನ್ನು ಅದರಲ್ಲಿ ಕೂರಿಸಲು ಪೋಷಕರ ಒಪ್ಪಿಗೆ ಬೇಕು. ಶಾಲೆ ಯಾವ ಧರ್ಮದವರದೇ ಇರಲಿ, ನಿಯಮ ಒಂದೇ. ಅಡ್ಮಿಶನ್ ಫಾರ್ಮಿಗೆ ಸಹಿ ಹಾಕುವಾಗ ಇದನ್ನು ಕೇಳುವವರು ಕಡಿಮೆ.

ಸಮಾಜದ ಸಂಸ್ಥೆ ಬೇರೆ, ಧರ್ಮದ ಸಂಸ್ಥೆ ಬೇರೆ

ನಮ್ಮಲ್ಲಿ ಧಾರ್ಮಿಕ ಅಂತ ಕರೆಯುವ ಬಹುಪಾಲು ಸಂಸ್ಥೆಗಳು ನಿಜವಾಗಿ ಸಮಾಜದ ಸಂಸ್ಥೆಗಳು. ಇದನ್ನು ನಾನು ಕೀಳಾಗಿ ಹೇಳುತ್ತಿಲ್ಲ. ನೂರು ವರ್ಷದ ಹಿಂದೆ ಮುಂಬೈ ಕರ್ನಾಟಕದ ಹಳ್ಳಿಯ ಹುಡುಗನಿಗೆ ಇಂಗ್ಲಿಷ್ ಶಾಲೆ ದೂರದ ಮಾತು. ಕಚೇರಿಗಳಲ್ಲಿ ಕನ್ನಡದ ಒಕ್ಕಲು ಮಕ್ಕಳು ಕಾಣುತ್ತಿರಲಿಲ್ಲ. ಸಮಾಜದವರು ತಮ್ಮ ಮಕ್ಕಳಿಗೆ ತಾವೇ ಶಾಲೆ ಕಟ್ಟಿಕೊಂಡರು. 1899ರಲ್ಲಿ ಹುಟ್ಟಿದ ದಕ್ಷಿಣ ಮಹಾರಾಷ್ಟ್ರ ಜೈನ ಸಭೆಯ ಕಥೆಯೂ ಹೆಚ್ಚು ಕಡಿಮೆ ಇದೇ. ಅಂಜುಮನ್‌ಗಳದೂ ಇದೇ. ಅವರು ಕಟ್ಟದಿದ್ದರೆ ನಮ್ಮ ಎಷ್ಟೋ ಮನೆಗಳಲ್ಲಿ ಮೊದಲ ಡಿಗ್ರಿ ಇನ್ನೊಂದು ತಲೆಮಾರು ತಡವಾಗುತ್ತಿತ್ತು.

ಸಮಾಜಕ್ಕಾಗಿ ಕೆಲಸ ಮಾಡುವುದು ಒಳ್ಳೆಯದೇ. ಆದರೆ ಧರ್ಮ ಕೆಲವು ಸಲ ಸಮಾಜದ ವಿರುದ್ಧವೇ ನಿಲ್ಲುತ್ತದೆ. ಬಸವಣ್ಣನವರ ಕಾಲದಲ್ಲಿ ಬೇರೆ ಬೇರೆ ಜಾತಿಯ ಹರಳಯ್ಯ, ಮಧುವರಸರ ಮಕ್ಕಳ ಮದುವೆಯಾದದ್ದು ಅಂಥ ಹೊತ್ತಿನಲ್ಲಿ. ಅಂಥ ಬಸವಣ್ಣನವರ ಹೆಸರಿಟ್ಟ ಯಾವುದೇ ಸಂಸ್ಥೆ ಲೆಕ್ಚರರ್ ಹುದ್ದೆಗೆ ಬಂದವನ ಒಳಪಂಗಡ ವಿಚಾರಿಸಿದರೆ, ಅದು ಹೊರಗಿನವರ ಜಾತ್ಯತೀತ ಅಳತೆಯಲ್ಲಿ ಸೋಲುವುದು ಆಮೇಲಿನ ಮಾತು. ತನ್ನದೇ ಧರ್ಮದ ಅಳತೆಯಲ್ಲಿ ಮೊದಲು ಸೋಲುತ್ತದೆ. ಏಸುವಿನ ಹೆಸರಿನ ಶಾಲೆ ಬಡವರ ಮಗುವಿಗೆ ಬಾಗಿಲು ಹಾಕಿದರೂ ಹಾಗೆಯೇ. ಬಡ್ಡಿ ಹರಾಮು ಅಂತ ನಂಬುವವರ ಸಂಸ್ಥೆ ಸುಲಿಗೆ ಬಡ್ಡಿ ತಿಂದರೂ ಹಾಗೆಯೇ. ಧಾರ್ಮಿಕ ಸಂಸ್ಥೆಯನ್ನು ಪ್ರಶ್ನಿಸಲು ನಾಸ್ತಿಕ ಆಗಬೇಕಿಲ್ಲ. ಅವರ ಗ್ರಂಥವನ್ನೇ ಅವರ ಮುಂದೆ ತೆರೆದಿಟ್ಟರೆ ಸಾಕು.

ನಂಬಿಕೆ ಕೈ ಹಿಡಿದು ನಿಲ್ಲಿಸಿದ್ದಕ್ಕೆ ನಮ್ಮ ಕಣ್ಣೆದುರಿನ ಉದಾಹರಣೆ ವಿಜಯಪುರದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿ. 2018ರಲ್ಲಿ ಬಂದ ಪದ್ಮಶ್ರೀಯನ್ನು ಅವರು ವಿನಯದಿಂದ ಬೇಡ ಎಂದರು. ಅವರ ಅಂಗಿಗೆ ಜೇಬು ಇರಲಿಲ್ಲ. 2023ರ ಜನವರಿ 2ರಂದು ಅವರು ಲಿಂಗೈಕ್ಯರಾದಾಗ, 2014ರ ಗುರುಪೂರ್ಣಿಮೆಯ ದಿನ ಬರೆದಿಟ್ಟ ಪತ್ರ ಹೊರಬಂತು. ದೇಹವನ್ನು ಹೂಳದೆ ಅಗ್ನಿಗೆ ಕೊಡಿ, ಬೂದಿಯನ್ನು ನದಿ ಅಥವಾ ಸಮುದ್ರಕ್ಕೆ ಬಿಡಿ, ಸ್ಮಾರಕ ಕಟ್ಟಬೇಡಿ ಅನ್ನುವುದು ಅದರ ಸಾರ. ಗದ್ದುಗೆ ಕಟ್ಟಿದ್ದರೆ ಎಷ್ಟು ಜನ ಬರುತ್ತಿದ್ದರು, ಎಷ್ಟು ಕಾಣಿಕೆ ಬೀಳುತ್ತಿತ್ತು ಅಂತ ಯಾರಾದರೂ ಊಹಿಸಬಹುದು. ಅದೆಲ್ಲವನ್ನೂ ತಮ್ಮ ನಂತರವೂ ಆಗದಂತೆ ಅವರು ಮೊದಲೇ ತಡೆದರು.

ಇಳಕಲ್ಲಿನ ಮಹಾಂತ ಸ್ವಾಮೀಜಿಯವರ ಜೋಳಿಗೆ ಇನ್ನೊಂದು ಉದಾಹರಣೆ. 1975ರಲ್ಲಿ ಶುರುವಾದ ಮಹಾಂತ ಜೋಳಿಗೆಯಲ್ಲಿ ಅವರು ದುಡ್ಡು, ಜೋಳ ಕೇಳಲಿಲ್ಲ. ನಿಮ್ಮ ಕುಡಿತ ಹಾಕಿ, ಗುಟ್ಕಾ ಹಾಕಿ, ಬೀಡಿ ಹಾಕಿ ಅಂತ ಊರೂರು ಸುತ್ತಿದರು. ಭಕ್ತನಾಗು ಅಂತ ಯಾರಿಗೂ ಹೇಳಬೇಕಾಗಲಿಲ್ಲ. ಅವರ ಹುಟ್ಟಿದ ದಿನವಾದ ಆಗಸ್ಟ್ 1ನ್ನು ಈಗ ರಾಜ್ಯ ಸರ್ಕಾರ ವ್ಯಸನಮುಕ್ತ ದಿನ ಅಂತ ಆಚರಿಸುತ್ತದೆ. ಬೆಳಗಾವಿಯ ನಾಗನೂರು ರುದ್ರಾಕ್ಷಿ ಮಠದ ಪ್ರಸಾದ ನಿಲಯದಲ್ಲಿ ಉಂಡು ಓದಿದವರು ಈ ಭಾಗದ ಎಷ್ಟೋ ಕಚೇರಿಗಳಲ್ಲಿ ಸಿಗುತ್ತಾರೆ. ದಾಸೋಹ ಅನ್ನುವ ನಂಬಿಕೆ ಅಲ್ಲಿ ಅನ್ನವಾಗಿ ತಟ್ಟೆಗೆ ಬಿದ್ದಿದೆ.

ಇನ್ನೊಂದು ಕಡೆ ಮಠ ಯಾರದು ಅನ್ನುವ ಜಗಳವೂ ಇದೆ. 2025ರ ಸೆಪ್ಟೆಂಬರ್‌ನಲ್ಲಿ ಕೂಡಲಸಂಗಮದ ಪಂಚಮಸಾಲಿ ಪೀಠದ ಟ್ರಸ್ಟ್ ತನ್ನ ಪೀಠದ ಸ್ವಾಮೀಜಿಯನ್ನೇ ತೆಗೆದಿದ್ದೇವೆ ಎಂದು ಘೋಷಿಸಿತು. ಯಾರು ಸರಿ ಅನ್ನುವುದು ಇಲ್ಲಿಯ ವಿಷಯವಲ್ಲ. ಪೀಠ ಅಂದರೆ ಭಕ್ತನಿಗೆ ಗುರು. ಕಾನೂನಿಗೆ ಅದು ಟ್ರಸ್ಟ್ ಡೀಡ್ ಎಂಬ ಒಂದು ಕಾಗದ. ಎರಡೂ ಒಂದೇ ದಾರಿಯಲ್ಲಿ ಇರುವವರೆಗೆ ಈ ವ್ಯತ್ಯಾಸ ಕಾಣುವುದಿಲ್ಲ. ಬೇರೆಯಾದಾಗ ಭಕ್ತನ ಕೈಯಲ್ಲಿ ಏನೂ ಇರುವುದಿಲ್ಲ, ಅವನ ಹೆಸರು ಡೀಡಿನಲ್ಲಿ ಇರುವುದೇ ಇಲ್ಲ.

ಪತ್ರಿಕೆ, ಪುಸ್ತಕ, ಯೂಟ್ಯೂಬ್

ಸುದ್ದಿ ಕೊಡುವವರಿಗೆ ಧರ್ಮದ ನೆಲೆ ಇರಬಾರದು ಅಂತ ಸುಮ್ನೆ ಹೇಳುವವರಿದ್ದಾರೆ. ಕನ್ನಡದ ಮಟ್ಟಿಗೆ ಈ ಮಾತು ನಿಲ್ಲುವುದಿಲ್ಲ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು 1843ರಲ್ಲಿ ಹೊರತಂದದ್ದು ಕ್ರೈಸ್ತ ಧರ್ಮಪ್ರಚಾರದ ಬಾಸೆಲ್ ಮಿಶನ್‌ನ ಹರ್ಮನ್ ಮೋಗ್ಲಿಂಗ್. ಮಿಶನ್ನಿನ ಉದ್ದೇಶ ಎಲ್ಲರಿಗೂ ಗೊತ್ತಿತ್ತು, ಯಾರೂ ಅದನ್ನು ಮುಚ್ಚಿಡಲಿಲ್ಲ. ಓದುಗ ಅದನ್ನು ತಿಳಿದೇ ಓದಿದ.

ನಮ್ಮ ವಿಜಯಪುರದ ಉದಾಹರಣೆ ಇದಕ್ಕಿಂತ ದೊಡ್ಡದು. ಫ.ಗು. ಹಳಕಟ್ಟಿಯವರು ವಕೀಲರು. 1910ರಲ್ಲಿ ಬಿಎಲ್‌ಡಿಇ, 1912ರಲ್ಲಿ ಸಿದ್ಧೇಶ್ವರ ಬ್ಯಾಂಕ್ ಕಟ್ಟುವಲ್ಲಿ ಮುಂದೆ ನಿಂತರು. ಅದರ ನಡುವೆ ಹಳ್ಳಿಗಳಲ್ಲಿ ಓಡಾಡಿ, ಅಟ್ಟದ ಮೇಲೆ, ಜಗುಲಿಯ ಮೇಲೆ ಧೂಳು ತಿನ್ನುತ್ತಿದ್ದ ತಾಳೆಗರಿಗಳನ್ನು ಕೂಡಿಸಿದರು. ‘ವಚನಶಾಸ್ತ್ರಸಾರ’ದ ಮೊದಲ ಭಾಗ 1923ರಲ್ಲಿ ಅಚ್ಚಾದದ್ದು ಬೆಳಗಾವಿಯ ಮಹಾವೀರ ಪ್ರೆಸ್ಸಿನಲ್ಲಿ. ಆಮೇಲೆ ಸ್ವಂತ ಅಚ್ಚುಕೂಟ ಬೇಕೆನಿಸಿ ಮನೆ ಮಾರಿದರು. 1925ರಲ್ಲಿ ಹಿತಚಿಂತಕ ಮುದ್ರಣಾಲಯ ಶುರುವಾಯಿತು.

ಮುಂದೆ ಅವರು ಮಾಡಿದ್ದು ನನಗೆ ಬಹಳ ಮುಖ್ಯ ಅನ್ನಿಸುತ್ತದೆ. 1926ರಲ್ಲಿ ‘ಶಿವಾನುಭವ’ ಪತ್ರಿಕೆ ತಂದರು, ಅದು ಶರಣ ಸಾಹಿತ್ಯಕ್ಕೆ. 1927ರಲ್ಲಿ ‘ನವಕರ್ನಾಟಕ’ ವಾರಪತ್ರಿಕೆ ತಂದರು, ಅದು ನಾಡಿನ ಸುದ್ದಿಗೆ. ಎರಡರ ಹಿಂದೆಯೂ ಅದೇ ಮನುಷ್ಯ, ಅದೇ ನಂಬಿಕೆ. ಆದರೂ ಎರಡು ಬೇರೆ ಬೇರೆ ಪತ್ರಿಕೆ. ಶಿವಾನುಭವ ಕೈಗೆತ್ತಿಕೊಂಡವನಿಗೆ ತಾನು ಧರ್ಮದ ಪತ್ರಿಕೆ ಓದುತ್ತಿದ್ದೇನೆ ಅಂತ ಗೊತ್ತಿರುತ್ತಿತ್ತು. ಇವತ್ತು ನಮಗೆ ಬೇಕಾಗಿರುವುದು ಇದೇ ಗೆರೆ. ಸಂಜೆ ಹೊತ್ತು ಫೋನ್ ತೆರೆದರೆ ಸುದ್ದಿ ಯಾವುದು, ಪ್ರವಚನ ಯಾವುದು, ಮಠದ ಪ್ರಚಾರ ಯಾವುದು, ಇನ್ನೊಂದು ಧರ್ಮದವರ ಮೇಲೆ ಸಿಟ್ಟು ಎಬ್ಬಿಸಲು ಮಾಡಿದ ವಿಡಿಯೋ ಯಾವುದು ಎಂದು ಬೇರೆ ಮಾಡುವುದೇ ಕಷ್ಟ. ಎಲ್ಲಕ್ಕೂ ಕೆಂಪು ಪಟ್ಟಿ, ಎಲ್ಲಕ್ಕೂ ‘ಬ್ರೇಕಿಂಗ್’.

ಸರ್ಕಾರ ಈ ಗೆರೆಯನ್ನು ಕೆಲವು ಕಡೆ ಎಳೆದಿದೆ. ಖಾಸಗಿ ಎಫ್‌ಎಂ ರೇಡಿಯೋ ಲೈಸೆನ್ಸ್ ಧಾರ್ಮಿಕ ಸಂಸ್ಥೆಗಳಿಗೆ, ಅವುಗಳ ಹಿಡಿತದಲ್ಲಿರುವ ಕಂಪನಿಗಳಿಗೆ ಸಿಗುವುದಿಲ್ಲ. ಟಿ.ವಿ. ಪ್ರಸಾರದಲ್ಲೂ ಧಾರ್ಮಿಕ ಸಂಸ್ಥೆಗಳನ್ನು ಮಾಲೀಕತ್ವದಿಂದ ದೂರ ಇಡಬೇಕು ಎಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2008ರಲ್ಲಿ ಹೇಳಿತು, 2014ರಲ್ಲಿ ಮತ್ತೆ ಹೇಳಿತು. 1994ರ ಕೇಬಲ್ ಟಿ.ವಿ. ನಿಯಮಗಳಲ್ಲಿ ಯಾವುದೇ ಧರ್ಮ ಅಥವಾ ಸಮುದಾಯದ ಮೇಲೆ ದಾಳಿ ಮಾಡುವ ಕಾರ್ಯಕ್ರಮ ಬೇಡ ಎಂದಿದೆ. ಆದರೆ ಯೂಟ್ಯೂಬ್ ಚಾನೆಲ್ ತೆರೆಯಲು ಯಾವ ಲೈಸೆನ್ಸೂ ಬೇಡ. ಟ್ರಾಯ್ ಟಿ.ವಿ.ಗೆ ಬೇಡ ಎಂದದ್ದು ಇವತ್ತು ಫೋನಿನಲ್ಲಿ ಯಾರ ಅಪ್ಪಣೆಯೂ ಇಲ್ಲದೆ ನಡೆಯುತ್ತಿದೆ.

ನಾನು ಟ್ರಾಯ್ ಹೇಳಿದ್ದನ್ನು ಪೂರ್ತಿ ಒಪ್ಪುವುದಿಲ್ಲ. ಹಳಕಟ್ಟಿಯವರಂಥವರು ಇವತ್ತು ಇದ್ದಿದ್ದರೆ ಅವರಿಗೂ ಬಾಗಿಲು ಮುಚ್ಚುತ್ತಿತ್ತು. ಸಂಸ್ಥೆಯ ಬೇರು ಒಂದು ಸಮುದಾಯದಲ್ಲಿದ್ದರೂ ದನಿ ಎಲ್ಲರದಾಗಬಹುದು ಅನ್ನುವುದಕ್ಕೆ ಬೆಳಗಾವಿಯಲ್ಲೇ ಕೆಎಲ್‌ಇಯ ವೇಣುಧ್ವನಿ 90.4 ಸಮುದಾಯ ರೇಡಿಯೋ ಇದೆ. ನಿಷೇಧಕ್ಕಿಂತ ನನಗೆ ಬೇಕಾದದ್ದು ಹೇಳಿಕೊಳ್ಳುವಿಕೆ. ಪತ್ರಿಕೆಗಳು ‘ಫಾರ್ಮ್ 4’ ಎಂದು ತಮ್ಮ ಮಾಲೀಕರು, ಪ್ರಕಾಶಕರು, ಸಂಪಾದಕರು ಯಾರೆಂದು ವರ್ಷಕ್ಕೊಮ್ಮೆ ಅಚ್ಚು ಹಾಕುತ್ತಾ ಬಂದಿವೆ. ಚಿಕ್ಕ ಅಕ್ಷರದಲ್ಲಿ ಇರುತ್ತದೆ, ಓದುವವರು ಕಡಿಮೆ. ಆದರೂ ಬೇಕೆಂದವನಿಗೆ ಸಿಗುತ್ತದೆ. ಜಿಲ್ಲೆಯ ಸುದ್ದಿ ಕೊಡುವ ಯೂಟ್ಯೂಬ್ ಚಾನೆಲ್ಲುಗಳಲ್ಲಿ ಎಷ್ಟರ ಮಾಲೀಕರು ಯಾರು ಅಂತ ನಿಮಗೆ ಗೊತ್ತಿದೆ?

ಮಾಲೀಕತ್ವದಷ್ಟೇ ಗಟ್ಟಿ ಹಿಡಿತ ಜಾಹೀರಾತಿನದು. ಜಾತ್ರೆಯ ಪುರವಣಿ, ಸ್ವಾಮೀಜಿಯ ಜನ್ಮದಿನದ ಪೂರ್ಣ ಪುಟ, ಅಡ್ಮಿಶನ್ ಹೊತ್ತಿನಲ್ಲಿ ಕಾಲೇಜುಗಳ ಜಾಹೀರಾತು ಇಲ್ಲದಿದ್ದರೆ ಜಿಲ್ಲಾ ಪತ್ರಿಕೆಗಳು ಉಳಿಯುವುದು ಕಷ್ಟ. ಹೀಗೆ ಯಾವ ಧರ್ಮಕ್ಕೂ ಸೇರದ ಪತ್ರಿಕೆಯೂ ಮಠ ಮತ್ತು ಶಿಕ್ಷಣ ಸಂಸ್ಥೆಗಳ ವಿಷಯದಲ್ಲಿ ಮೆಲ್ಲಗೆ ಬಾಯಿ ಮುಚ್ಚಿಕೊಳ್ಳುತ್ತದೆ. ಓದುಗ ನೋಡಬೇಕಾದದ್ದು ಇದನ್ನು: ಯಾವ ಮಠದ ಜಾಹೀರಾತು ಬಂದಿದೆಯೋ ಅದೇ ಮಠದ ಆಸ್ತಿ ಜಗಳ, ಅದೇ ಕಾಲೇಜಿನ ಡೊನೇಷನ್ ದೂರು ಆ ಪತ್ರಿಕೆಯಲ್ಲಿ ಬಂದಿದೆಯಾ? ಧರ್ಮದ ಪತ್ರಿಕೆಗೂ ಇದೇ ಪರೀಕ್ಷೆ. ಸತ್ಯ ಹೇಳು ಅನ್ನದ ಧರ್ಮ ನಮ್ಮ ಮೂರು ಜಿಲ್ಲೆಯಲ್ಲಿ ಒಂದೂ ಇಲ್ಲ. ತನ್ನವರ ತಪ್ಪನ್ನು ಅಚ್ಚು ಹಾಕಿದಾಗ ಮಾತ್ರ ಆ ಪತ್ರಿಕೆ ತನ್ನ ಧರ್ಮಕ್ಕೆ ನಿಂತಿದೆ ಅನ್ನಬಹುದು.

ಪುಸ್ತಕದ ವಿಷಯದಲ್ಲಿ ಬಾಗಲಕೋಟೆ ಜಿಲ್ಲೆಯ ಕೂಡಲಸಂಗಮ ಒಂದು ಕಠಿಣ ಪಾಠ ಕಲಿಸಿದೆ. ಬಸವ ಧರ್ಮ ಪೀಠದ ಮಾತೆ ಮಹಾದೇವಿಯವರು ‘ವಚನ ದೀಪ್ತಿ’ ಸಂಕಲನದಲ್ಲಿ ಬಸವಣ್ಣನವರ ‘ಕೂಡಲಸಂಗಮದೇವ’ ಅಂಕಿತವನ್ನು ‘ಲಿಂಗದೇವ’ ಎಂದು ಬದಲಿಸಿದರು. 1998ರಲ್ಲಿ ಸರ್ಕಾರ ಪುಸ್ತಕ ಮುಟ್ಟುಗೋಲು ಹಾಕಿಕೊಂಡಿತು. ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು, 2017ರಲ್ಲಿ ಸುಪ್ರೀಂ ಕೋರ್ಟೂ ಎತ್ತಿಹಿಡಿಯಿತು. ಅವರ ಭಕ್ತಿಯಲ್ಲಿ ನನಗೆ ಅನುಮಾನವಿಲ್ಲ. ಹೆಣ್ಣುಮಗಳೊಬ್ಬರು ಪೀಠವೇರಿ ಅಷ್ಟು ಜನರನ್ನು ಕೂಡಿಸಿದ್ದು ಸಣ್ಣ ಮಾತೂ ಅಲ್ಲ. ಆದರೆ ಎಂಟು ನೂರು ವರ್ಷ ಜನರ ಬಾಯಲ್ಲಿ, ತಾಳೆಗರಿಯಲ್ಲಿ ಉಳಿದು ಬಂದ ಮಾತನ್ನು ತಿದ್ದುವ ಅಧಿಕಾರ ಯಾವ ಸಂಸ್ಥೆಗೂ ಇಲ್ಲ ಅಂತ ನಾನು ನಂಬುತ್ತೇನೆ. ಹಳಕಟ್ಟಿಯವರು ಗರಿ ಹುಡುಕುತ್ತಾ ಅಲೆದದ್ದು ಇದ್ದದ್ದನ್ನು ಇದ್ದಂತೆ ಉಳಿಸಲಿಕ್ಕೆ. ಹಾಗಂತ ಪುಸ್ತಕ ಮುಟ್ಟುಗೋಲು ಹಾಕುವುದು ಸರಿಯಾದ ಮದ್ದು ಅಂತಲೂ ನನಗೆ ಅನ್ನಿಸುವುದಿಲ್ಲ. ಪಾಠಾಂತರಕ್ಕೆ ಉತ್ತರ ಕೊಡಬೇಕಾದವರು ವಿದ್ವಾಂಸರು, ಪೊಲೀಸರಲ್ಲ.

ಇದೆಲ್ಲದರ ನಡುವೆ ಸಾಮಾನ್ಯ ಮನುಷ್ಯ ಏನು ಕೇಳಬಹುದು? ಸಂಸ್ಥೆಯ ಆಡಳಿತ ಮಂಡಳಿಯಲ್ಲಿ ಯಾರಿದ್ದಾರೆ, ಹೆಣ್ಣುಮಕ್ಕಳು ಎಷ್ಟು ಜನ ಇದ್ದಾರೆ ಅಂತ ಕೇಳಬಹುದು. ಫೀ ಕಟ್ಟಲಾಗದ ಎಷ್ಟು ಮಕ್ಕಳು ಈ ವರ್ಷ ಓದುತ್ತಿದ್ದಾರೆ ಅಂತ ಕೇಳಬಹುದು. ಅನುದಾನಿತ ಹಾಸ್ಟೆಲ್ ಆದರೆ ದುಡ್ಡಿನ ಲೆಕ್ಕ ಮಾಹಿತಿ ಹಕ್ಕಿನಲ್ಲಿ ಸರ್ಕಾರಿ ಇಲಾಖೆಯಿಂದಲೇ ತೆಗೆಯಬಹುದು. ಮಠಕ್ಕೆ ಹೋಗಿ ಲೆಕ್ಕ ಕೇಳುವುದು ಅಪಚಾರ ಅಂತ ಅನೇಕರಿಗೆ ಅನ್ನಿಸುತ್ತದೆ. ನಮ್ಮ ಮನೆಯ ಹಿರಿಯರೂ ಹಾಗೆಯೇ ಅನ್ನುತ್ತಾರೆ. ಕಾಣಿಕೆ ಕೊಟ್ಟ ಮೇಲೆ ಮರೆತುಬಿಡಬೇಕು ಅನ್ನುವುದು ಕೊಡುವವನಿಗೆ ದೊಡ್ಡ ಗುಣ. ತೆಗೆದುಕೊಂಡವರು ಮರೆಯಲಿಕ್ಕೆ ಅದೇ ನೆಪ ಆಗಬಾರದು.

ಜಾತ್ರೆಯ ದಿನ ನಮ್ಮ ಮಠಗಳ ವೇದಿಕೆ ಮೇಲೆ ಸನ್ಮಾನ ತಾಸುಗಟ್ಟಲೆ ನಡೆಯುತ್ತದೆ. ಸಾವಿರಾರು ಭಕ್ತರು ಕೂತಿರುತ್ತಾರೆ, ಯೂಟ್ಯೂಬ್‌ನಲ್ಲಿ ನೇರ ಪ್ರಸಾರವೂ ಇರುತ್ತದೆ. ಅದರಲ್ಲಿ ಹತ್ತು ನಿಮಿಷ ತೆಗೆದು, ಹೋದ ವರ್ಷ ಬಂದ ಕಾಣಿಕೆ ಎಷ್ಟು, ಪ್ರಸಾದ ನಿಲಯಕ್ಕೆ ಖರ್ಚಾದದ್ದು ಎಷ್ಟು, ಕಟ್ಟಡಕ್ಕೆ ಹೋದದ್ದು ಎಷ್ಟು, ಸಾಲ ಎಷ್ಟಿದೆ ಅಂತ ಮೈಕಿನಲ್ಲಿ ಓದಿ ಹೇಳಲಿ. ಇದಕ್ಕೆ ಹೊಸ ಕಾನೂನು ಬೇಡ, ಸರ್ಕಾರದ ಅಪ್ಪಣೆ ಬೇಡ. ಮಠದ ಆಡಳಿತ ಮಂಡಳಿಯ ಒಂದು ಸಭೆ, ಒಂದು ಠರಾವು ಸಾಕು.